ತಲೆಯ ತೂಕ, ತಲೆಯೊಳಗಿನ ಎಣಿಕೆ

ನಮ್ಮ ಕೊಪ್ಪಳ ಜಿಲ್ಲೆಯ ಎರಡು ಮೆದುಳುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಮಾತು ಶುರು ಮಾಡೋಣ.

ಒಂದು ಕುರಿಯದು. ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕುರಿ ಇಲ್ಲದ ಊರು ಹುಡುಕಿದರೂ ಸಿಗಲಿಕ್ಕಿಲ್ಲ. ಮಾಂಸದ ಅಂಗಡಿಯಲ್ಲಿ ತಲೆ ಕೇಳಿದರೆ ಬುರುಡೆ ಸೀಳಿ ಒಳಗಿನದನ್ನು ಎತ್ತಿ ಕೊಡುತ್ತಾರೆ. ಭೇಜಾ ಅನ್ನುತ್ತೇವಲ್ಲ, ಅದೇ. ಬಾಣಲೆಗೆ ಹಾಕುವ ಮುಂಚೆ ಒಮ್ಮೆ ಅಂಗೈಯಲ್ಲಿಟ್ಟು ನೋಡಿ. ತಿಳಿ ಗುಲಾಬಿ ಬಣ್ಣ, ನಡುವೆ ಸೀಳಿ ಎರಡು ಭಾಗ, ಮೇಲೆಲ್ಲ ದಪ್ಪನೆಯ ಮಡಿಕೆಗಳು. ಹಿಂಭಾಗದಲ್ಲಿ ಪುಟ್ಟದೊಂದು ಗಡ್ಡೆ ಅಂಟಿಕೊಂಡಿರುತ್ತದೆ. ಅದರ ಮೈಮೇಲಿನ ಗೆರೆಗಳು ಬಹಳ ಸಣ್ಣ, ಬಹಳ ಒತ್ತು. ಅದು ಕಿರುಮೆದುಳು. ಮುಂದೆ ಅದರ ಮಾತು ಬರುತ್ತದೆ, ನೆನಪಿಟ್ಟುಕೊಳ್ಳಿ. ಎಲ್ಲ ಸೇರಿ ತೂಕ ನೂರು ಗ್ರಾಂ ಆಸುಪಾಸು.

ಇನ್ನೊಂದು ಮೆದುಳು ಅಂಜನಾದ್ರಿಯ ಮಂಗನದು. ಗಂಗಾವತಿಯಿಂದ ಆನೆಗೊಂದಿ ದಾರಿ ಹಿಡಿದು ಹೋಗಿ, 575 ಮೆಟ್ಟಿಲು ಹತ್ತಿದವರಿಗೆಲ್ಲ ಈ ಮಂಗಗಳ ಪರಿಚಯ ಇದ್ದೇ ಇರುತ್ತದೆ. ಕಪ್ಪು ಮುಖದ ಮುಸುವನಲ್ಲ, ತಲೆಯ ಮೇಲೆ ಟೊಪ್ಪಿಗೆ ಇಟ್ಟಂತೆ ಕೂದಲು ಬಾಚಿಕೊಂಡಿರುವ ನಮ್ಮ ಮಾಮೂಲಿ ಕೋತಿ. ಅದರ ಮೆದುಳಿನ ತೂಕ ಅರವತ್ತು ಗ್ರಾಂ ಚಿಲ್ಲರೆ. ಕುರಿಯದಕ್ಕಿಂತ ಎಷ್ಟೋ ಕಡಿಮೆ.

ಇನ್ನು ಮೆಟ್ಟಿಲ ಬದಿಯಲ್ಲಿ ಕೂತ ಈ ಮಂಗನ ಕೆಲಸ ಗಮನಿಸಿ. ಯಾರ ಪ್ಲಾಸ್ಟಿಕ್ ಚೀಲದಲ್ಲಿ ತೆಂಗಿನಕಾಯಿ ಇದೆ, ಯಾರದರಲ್ಲಿ ಬರೀ ಬಟ್ಟೆ ಇದೆ ಎಂದು ಅದಕ್ಕೆ ದೂರದಿಂದಲೇ ಗೊತ್ತು. ಕೋಲು ಹಿಡಿದ ಅಜ್ಜನ ಹತ್ತಿರ ಸುಳಿಯುವುದಿಲ್ಲ, ಮೊಬೈಲ್ ನೋಡುತ್ತ ಬರುವ ಹುಡುಗನನ್ನು ಬಿಡುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಅವರ ತಂಡದವರು ಬಂಡೀಪುರದಲ್ಲಿ ಇದೇ ಜಾತಿಯ ಮಂಗಗಳನ್ನು ವರ್ಷಗಟ್ಟಲೆ ನೋಡಿದವರು. ಅಲ್ಲಿನ ಕೆಲವು ಮಂಗಗಳು ಪ್ರವಾಸಿಗರ ಮುಂದೆ ಕೈ ಚಾಚಿ, ಕೂ ಎಂದು ಮೆಲ್ಲಗೆ ಸದ್ದು ಮಾಡಿ ತಿಂಡಿ ಬೇಡುತ್ತವೆ ಎಂದು 2018ರಲ್ಲಿ ಅವರು ಪ್ರಕಟಿಸಿದರು. ಎದುರಿನವರು ತಮ್ಮನ್ನು ನೋಡುತ್ತಿದ್ದಾರೋ ಇಲ್ಲವೋ ಎಂದು ಕಣ್ಣಿಟ್ಟು, ತಿಂಡಿ ಸಿಗುವವರೆಗೂ ಪಟ್ಟು ಬಿಡದೆ ಬೇಡುತ್ತವಂತೆ. ಅತ್ತ ನಮ್ಮ ಕುರಿ, ಮುಂದಿನದು ತಗ್ಗಿಗೆ ಬಿದ್ದರೆ ತಾನೂ ಹಿಂದೆಯೇ ಇಳಿಯುವ ಪ್ರಾಣಿ. ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗನಿಗೆ ಮಾಸ್ತರರು "ಕುರಿ" ಅಂತಲೇ ಬೈಯುವುದು, ಕಿತಾಪತಿ ಮಾಡಿದವನಿಗೆ "ಮಂಗ್ಯಾ." ಮೆದುಳಿನ ತೂಕವೇ ಬುದ್ಧಿಯಾಗಿದ್ದರೆ ಈ ಬೈಗುಳಗಳು ಅದಲುಬದಲಾಗಬೇಕಿತ್ತು.

ಹಾಗಾದರೆ ಮಂಗನ ತಲೆಯಲ್ಲಿ ಹೆಚ್ಚಿಗೆ ಏನಿದೆ? ಇದಕ್ಕೆ ಉತ್ತರ ಬಂದದ್ದು ಬ್ರೆಜಿಲ್‌ನಿಂದ, ಅದೂ ತೀರ ಇತ್ತೀಚೆಗೆ. ಮನುಷ್ಯನ ಮೆದುಳಿನಲ್ಲಿ ಹತ್ತು ಸಾವಿರ ಕೋಟಿ ನರಕೋಶಗಳಿವೆ ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಬರೆದುಕೊಂಡು ಬಂದವು. ಎಣಿಸಿದವರು ಯಾರು ಎಂದರೆ ಗಟ್ಟಿ ಉತ್ತರ ಇರಲಿಲ್ಲ. ಸುಜಾನಾ ಹರ್ಕುಲಾನೊ ಹೌಜೆಲ್ ಎಂಬ ವಿಜ್ಞಾನಿ, ರಾಬರ್ಟೊ ಲೆಂಟ್ ಅವರ ಜೊತೆ ಸೇರಿ, 2005ರಲ್ಲಿ ಎಣಿಸುವ ದಾರಿಯೊಂದನ್ನು ತೋರಿಸಿದರು. ಗಟ್ಟಿಗೊಳಿಸಿದ ಮೆದುಳನ್ನು ಮಾರ್ಜಕದ ನೀರಿನಲ್ಲಿ ಅರೆದು ದ್ರಾವಣ ಮಾಡುವುದು. ಜೀವಕೋಶಗಳ ಪೊರೆ ಕರಗಿ, ಒಳಗಿನ ಕೋಶಕೇಂದ್ರಗಳು ಮಾತ್ರ ಉಳಿದು ದ್ರಾವಣದಲ್ಲಿ ತೇಲುತ್ತವೆ. ಒಂದು ಕೋಶಕ್ಕೆ ಒಂದೇ ಕೇಂದ್ರ. ಬಣ್ಣ ಹಾಕಿ, ಚೆನ್ನಾಗಿ ಕಲಕಿ, ಒಂದು ಹನಿಯಲ್ಲಿ ಎಷ್ಟಿವೆ ಎಂದು ಸೂಕ್ಷ್ಮದರ್ಶಕದಡಿ ಎಣಿಸಿದರೆ ಒಟ್ಟು ಲೆಕ್ಕ ಸಿಕ್ಕಿತು. ಇಷ್ಟು ಸರಳ ಉಪಾಯ ಬಳಕೆಗೆ ಬರಲು ಇಷ್ಟು ತಡವಾಯಿತು ಎಂಬುದೇ ನನಗೆ ಸೋಜಿಗ. 2009ರಲ್ಲಿ ಮನುಷ್ಯನ ಲೆಕ್ಕ ಹೊರಬಿತ್ತು. ಸರಾಸರಿ 8,600 ಕೋಟಿ ನರಕೋಶಗಳು.

ಅದೇ ವಿಧಾನದಲ್ಲಿ ನಮ್ಮ ಟೊಪ್ಪಿಗೆ ಮಂಗನ ಮೆದುಳನ್ನೂ ಎಣಿಸಿದ್ದಾರೆ. ಸುಮಾರು 378 ಕೋಟಿ. ಅದರಲ್ಲಿ ಯೋಚನೆ, ಯೋಜನೆ, ನೋಟ, ಸ್ಪರ್ಶ ಎಲ್ಲವನ್ನೂ ಕೂಡಿಸಿ ನಡೆಸುವ ಮೇಲ್ಪದರ, ಅಂದರೆ ಕಾರ್ಟೆಕ್ಸ್‌ನಲ್ಲಿ ಇರುವವು ಸುಮಾರು 166 ಕೋಟಿ. ಈಗ ಯಲಬುರ್ಗಾ, ಕುಕನೂರು ಕಡೆಯ ಎರೆಹೊಲಗಳಿಗೆ ಬನ್ನಿ. ಕಡಲೆ ಬೆಳೆಗೆ ಹಿಂಡು ಹಿಂಡಾಗಿ ನುಗ್ಗುವ ಚಿಗರಿ, ಪುಸ್ತಕದ ಮಾತಿನಲ್ಲಿ ಕೃಷ್ಣಮೃಗ, ಕುರಿಗೂ ದೂರದ ನೆಂಟ. ಅದರ ಆಫ್ರಿಕದ ದಾಯಾದಿ ಸ್ಪ್ರಿಂಗ್‌ಬಕ್ ಎಂಬ ಜಿಂಕೆಯ ಮೆದುಳನ್ನು ಎಣಿಸಿದಾಗ, ತೂಕ ನೂರು ಗ್ರಾಂ ದಾಟಿದ್ದರೂ ಕಾರ್ಟೆಕ್ಸ್‌ನಲ್ಲಿ ಸಿಕ್ಕಿದ್ದು ಬರೀ 40 ಕೋಟಿ. ಮಂಗನದರ ಕಾಲು ಭಾಗ! ಅರ್ಧ ಕೆಜಿ ಮೀರಿದ ಜಿರಾಫೆಯ ಮೆದುಳಿನ ಕಾರ್ಟೆಕ್ಸ್ ಹೇಗೋ ತೆವಳಿ ನಮ್ಮ ಮಂಗನ ಹತ್ತಿರ ಬರುತ್ತದೆ.

ಕಾರಣ ನಾಟಿಯಲ್ಲಿದೆ. ಗಂಗಾವತಿಯ ಭತ್ತದ ಗದ್ದೆಯೂ ಒಂದೆಕರೆ, ಕುಷ್ಟಗಿಯ ದಾಳಿಂಬೆ ತೋಟವೂ ಒಂದೆಕರೆ. ಗಿಡ ಎಣಿಸಲು ಹೋದರೆ ಅಜಗಜಾಂತರ. ಇಲಿ, ಕುರಿ, ಜಿಂಕೆಗಳ ಕುಲದಲ್ಲಿ ಮೆದುಳು ದೊಡ್ಡದಾದಂತೆ ಒಂದೊಂದು ನರಕೋಶವೂ ದೊಡ್ಡದಾಗಿ ನಡುವಿನ ಅಂತರ ಹೆಚ್ಚುತ್ತದೆ. ಮಂಗ, ವಾನರ, ಮನುಷ್ಯರ ಕುಲದಲ್ಲಿ ಮೆದುಳು ಎಷ್ಟೇ ಬೆಳೆದರೂ ನರಕೋಶಗಳು ಸಣ್ಣದಾಗಿಯೇ, ಒತ್ತೊತ್ತಾಗಿಯೇ ಉಳಿದವು. ನಮ್ಮ ಮೆದುಳು ಏನೋ ವಿಶೇಷ ಸೃಷ್ಟಿ ಎಂದು ಬೀಗುವವರಿಗೆ ಇಲ್ಲೊಂದು ಪೆಟ್ಟು ಇದೆ. ಮಂಗನ ಮೆದುಳನ್ನು ಅದೇ ನಿಯಮದಲ್ಲಿ 1,300 ಗ್ರಾಮಿಗೆ ಬೆಳೆಸಿದರೆ ಎಷ್ಟು ನರಕೋಶ ಇರಬೇಕೋ ಹೆಚ್ಚುಕಡಿಮೆ ಅಷ್ಟೇ ನಮ್ಮಲ್ಲಿ ಇವೆ.

ಕರಡಿಯ ವಿಷಯ ಇನ್ನೂ ಮಜವಾಗಿದೆ. ಕೊಪ್ಪಳ, ಗಂಗಾವತಿಯ ಕಲ್ಲುಗುಡ್ಡಗಳಿಂದ ರಾತ್ರಿ ಇಳಿದು ಬಂದು ಹೊಲ ಹಾಳುಮಾಡುವ ಕರಡಿಗೆ ತಲೆಯೇನೋ ದೊಡ್ಡದು. ನಮ್ಮ ಈ ಕಪ್ಪು ಕರಡಿಯ ನೆಂಟ, ತಣ್ಣನೆಯ ದೇಶಗಳ ಕಂದು ಕರಡಿಯ ಕಾರ್ಟೆಕ್ಸ್ ಎಣಿಸಿದರೆ ಸಿಕ್ಕಿದ್ದು 25 ಕೋಟಿ. ಅಷ್ಟೇ ಎಣಿಕೆ ಮನೆಯ ಬೆಕ್ಕಿನ ತಲೆಯಲ್ಲೂ ಇದೆ, ಕರಡಿಯ ಮೆದುಳಿನ ಹತ್ತನೆಯ ಒಂದು ಪಾಲಿನಷ್ಟು ಮೆದುಳಿನಲ್ಲಿ. ಗೋಲ್ಡನ್ ರಿಟ್ರೀವರ್ ನಾಯಿಯಲ್ಲಿ 60 ಕೋಟಿಗೂ ಹೆಚ್ಚು. ಆದರೆ ಎಣಿಕೆ ಕಡಿಮೆ ಎಂದು ಕರಡಿಯನ್ನು ದಡ್ಡ ಅನ್ನುವ ಧೈರ್ಯ ನನಗಿಲ್ಲ. ಯಾವ ಹೊಲದ ಬೇಲಿ ಎಲ್ಲಿ ಸಡಿಲ ಎಂದು ಅದಕ್ಕೆ ಗೊತ್ತಿರುವಷ್ಟು ಹೊಲದ ಒಡೆಯನಿಗೂ ಗೊತ್ತಿರುವುದಿಲ್ಲ.

ಹಕ್ಕಿಗಳದೇ ಬೇರೆ ಲೋಕ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವ ಮಾತು ಯಾರಿಗಾದರೂ ಪೂರ್ತಿ ಒಪ್ಪುವುದಾದರೆ ಅವಕ್ಕೇ. ಅವುಗಳ ಮೆದುಳಿನಲ್ಲಿ ನಮ್ಮಂತೆ ಮಡಿಕೆಗಳಿಲ್ಲ, ಮೇಲ್ಮೈ ನುಣ್ಣಗೆ. ಅದಕ್ಕೇ ಅವು ದಡ್ಡ ಎಂದು ಬಹುಕಾಲ ಪಂಡಿತರು ನಂಬಿದ್ದರು. ರೈತರು ನಂಬಿರಲಿಲ್ಲ, ಕಾಗೆಯನ್ನು ಬಲ್ಲ ಯಾರೂ ನಂಬುವುದಿಲ್ಲ. 2016ರಲ್ಲಿ ಪ್ರಾಗ್‌ನ ಸಂಶೋಧಕರ ತಂಡ ಹರ್ಕುಲಾನೊ ಹೌಜೆಲ್ ಅವರ ಜೊತೆಗೂಡಿ 28 ಜಾತಿಯ ಹಕ್ಕಿಗಳ ಮೆದುಳು ಎಣಿಸಿತು. ಕಾಗೆಯ ಕುಲದ ದೊಡ್ಡಣ್ಣ ರೇವನ್‌ನ ಮೆದುಳು 14 ಗ್ರಾಂ, ನರಕೋಶ 217 ಕೋಟಿ. ಮಕಾವ್ ಎಂಬ ದೊಡ್ಡ ಗಿಳಿಯದು ಸುಮಾರು 20 ಗ್ರಾಂ, ನರಕೋಶ 300 ಕೋಟಿ ದಾಟುತ್ತದೆ. ಅದರಲ್ಲೂ ಕಾರ್ಟೆಕ್ಸ್‌ಗೆ ಸಮನಾದ ಭಾಗದಲ್ಲಿ 190 ಕೋಟಿ. ನಮ್ಮ ಅಂಜನಾದ್ರಿಯ ವೀರನನ್ನೂ ಮೀರಿಸಿತು. ಹಾರುವ ಪ್ರಾಣಿಗೆ ತಲೆ ಭಾರವಾದರೆ ಆಗದು. ತೂಕ ಏರಿಸದೆ ಎಣಿಕೆ ಏರಿಸುವುದನ್ನು ಕೋಟ್ಯಂತರ ವರ್ಷಗಳ ವಿಕಾಸ ಅವುಗಳಲ್ಲಿ ಸಾಧಿಸಿದೆ.

ಇಷ್ಟು ಕೇಳಿದ ಮೇಲೆ ನಿಮಗೆ ಅನ್ನಿಸಬಹುದು, ಹಾಗಾದರೆ ತೂಕ ಬಿಡಿ, ಎಣಿಕೆಯೇ ಬುದ್ಧಿ ಅಂತ. ಅಲ್ಲೂ ಒಂದು ತೊಡಕಿದೆ. ಹೊಳೆ ದಾಟಿ ಹಂಪಿಗೆ ಹೋದರೆ ವಿರೂಪಾಕ್ಷನ ಗುಡಿಯಲ್ಲಿ ಲಕ್ಷ್ಮಿ ಎಂಬ ಆನೆ. ಆನೆಯ ಮೆದುಳು ಐದು ಕೆಜಿ ಹತ್ತಿರ ತೂಗುತ್ತದೆ. ಆಫ್ರಿಕದ ಆನೆಯಲ್ಲಿ ಎಣಿಸಿದಾಗ ಸಿಕ್ಕ ನರಕೋಶಗಳು 25,700 ಕೋಟಿ, ಮನುಷ್ಯನ ಮೂರು ಪಟ್ಟು. ಆದರೆ ಅದರಲ್ಲಿ 25,100 ಕೋಟಿ ಕೂತಿರುವುದು ಆಗಲೇ ಹೇಳಿದ ಹಿಂಬದಿಯ ಕಿರುಮೆದುಳಿನಲ್ಲಿ. ಕಾರ್ಟೆಕ್ಸ್‌ಗೆ ಉಳಿದದ್ದು 560 ಕೋಟಿ ಮಾತ್ರ. ಮನುಷ್ಯನ ಕಾರ್ಟೆಕ್ಸ್‌ನಲ್ಲಿ 1,600 ಕೋಟಿ. ಆನೆಗೇಕೆ ಅಷ್ಟು ದೊಡ್ಡ ಕಿರುಮೆದುಳು? ಸೊಂಡಿಲು ಇದೆಯಲ್ಲ. ಮೂಳೆಯೇ ಇಲ್ಲದ ಅಂಗವೊಂದನ್ನು ಮರ ಉರುಳಿಸಲೂ ನೆಲದ ಮೇಲಿನ ನಾಣ್ಯ ಎತ್ತಲೂ ಬಳಸಬೇಕೆಂದರೆ ಸಣ್ಣ ಲೆಕ್ಕಾಚಾರವಲ್ಲ. ಕಾರಣ ಅದಿರಬಹುದು ಎಂದು ಎಣಿಸಿದವರು ಊಹಿಸಿದ್ದಾರೆ.

ಮನುಷ್ಯರಲ್ಲೂ 8,600 ಕೋಟಿಯಲ್ಲಿ ಸುಮಾರು 6,900 ಕೋಟಿ ಕಿರುಮೆದುಳಿನವೇ. ಹೀಗಿರುವಾಗ 2014ರಲ್ಲಿ ಚೀನಾದಿಂದ ಬಂದ ವರದಿಯೊಂದನ್ನು ಕೇಳಿ. 24 ವರ್ಷದ ಹೆಣ್ಣುಮಗಳೊಬ್ಬಳು ತಲೆಸುತ್ತು, ವಾಕರಿಕೆ ಎಂದು ಆಸ್ಪತ್ರೆಗೆ ಬಂದಳು. ಸ್ಕ್ಯಾನ್ ಮಾಡಿದರೆ ಕಿರುಮೆದುಳು ಇರಬೇಕಾದ ಜಾಗದಲ್ಲಿ ಬರೀ ದ್ರವ. ಹುಟ್ಟಿನಿಂದಲೇ ಇರಲಿಲ್ಲ. ನಡೆದದ್ದು ತಡವಾಗಿ, ಮಾತು ತುಸು ತೊದಲು, ನಡಿಗೆಯಲ್ಲಿ ತೂರಾಟ. ಆದರೂ ಮದುವೆಯಾಗಿ ಮಗುವಿನ ತಾಯಿಯಾಗಿದ್ದಳು. ನರಕೋಶಗಳ ಐದರಲ್ಲಿ ನಾಲ್ಕು ಪಾಲು ಇರುವ ಭಾಗವೇ ಇಲ್ಲದೆ ಬದುಕು ನಡೆದಿತ್ತು. ಎಷ್ಟಿವೆ ಎಂಬುದಕ್ಕಿಂತ ಎಲ್ಲಿವೆ ಎಂಬ ಪ್ರಶ್ನೆ ದೊಡ್ಡದು. ಅದೂ ಸಾಲದು. ಪೈಲಟ್ ತಿಮಿಂಗಿಲ ಎಂಬ ಸಮುದ್ರಜೀವಿಯ ಕಾರ್ಟೆಕ್ಸ್‌ನಲ್ಲೇ 3,700 ಕೋಟಿ ನರಕೋಶ ಇವೆಯೆಂದು 2014ರಲ್ಲಿ ಇನ್ನೊಂದು ವಿಧಾನದಿಂದ ಅಂದಾಜು ಮಾಡಿದರು. ಮನುಷ್ಯನ ದುಪ್ಪಟ್ಟಿಗೂ ಮಿಕ್ಕು. ಅದು ಸಮುದ್ರದಾಳದಲ್ಲಿ ಏನು ಯೋಚಿಸುತ್ತದೋ ಅದಕ್ಕೇ ಗೊತ್ತು.

ಆಗಲೇ ಕುರಿಯನ್ನು ಬೈದೆವಲ್ಲ, ಅದರ ಪರವಾಗಿ ನಾಲ್ಕು ಮಾತು ಹೇಳದಿದ್ದರೆ ಅನ್ಯಾಯ. ಕುರಿ ಕಾಯುವ ಹಿರಿಯರು ನೂರಾರು ಕುರಿಗಳ ಹಿಂಡಿನಲ್ಲಿ ತಮ್ಮದನ್ನು ಮುಖ ನೋಡಿಯೇ ಗುರುತು ಹಿಡಿಯುತ್ತಾರೆ. ಕುರಿಯೂ ಅದನ್ನೇ ಮಾಡುತ್ತದೆ. ಇಂಗ್ಲೆಂಡಿನ ಬಾಬ್ರಹಾಮ್ ಸಂಸ್ಥೆಯ ಕೀತ್ ಕೆಂಡ್ರಿಕ್ ತಂಡ 2001ರಲ್ಲಿ ತೋರಿಸಿದಂತೆ, ಒಂದು ಕುರಿ ಐವತ್ತು ಬೇರೆ ಕುರಿಗಳ ಮುಖವನ್ನು ಎರಡು ವರ್ಷವಾದರೂ ಮರೆಯುವುದಿಲ್ಲ. 2017ರಲ್ಲಿ ಕೇಂಬ್ರಿಜ್‌ನ ಕುರಿಗಳು ಒಬಾಮಾರ ಫೋಟೋವನ್ನೂ ಬೇರೆಯವರ ಫೋಟೋಗಳಿಂದ ಬೇರ್ಪಡಿಸಿ ಗುರುತಿಸಿದವು. ಹಿಂಡಿನಲ್ಲಿ ಬದುಕುವ ಪ್ರಾಣಿಗೆ ಯಾರು ನಮ್ಮವರು ಎಂಬುದೇ ಮೊದಲ ಪಾಠ, ಅದರಲ್ಲಿ ಕುರಿ ಪಾಸಾಗಿದೆ. ಮುಂದಿನದರ ಬೆನ್ನು ಹಿಡಿಯುವುದೂ ದಡ್ಡತನವೆಂದು ನನಗೆ ತೋರುವುದಿಲ್ಲ. ತೋಳ ಬಂದಾಗ ಹಿಂಡು ಬಿಟ್ಟು ಸ್ವತಂತ್ರವಾಗಿ ಯೋಚಿಸಿದ ಕುರಿಯ ಸಂತಾನ ಉಳಿದಿರಲಿಕ್ಕಿಲ್ಲ.

ತೋಳ ಅಂದರೆ ನಮ್ಮ ಜಿಲ್ಲೆಯಲ್ಲಿ ಬರೀ ಕಥೆಯ ಮಾತಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರಿನ ತೋಳಧಾಮವೇ ಇದೆ. ಕುರಿಹಿಂಡಿನ ಒಂದು ಬದಿಗೆ ತೋಳ, ಇನ್ನೊಂದು ಬದಿಗೆ ಹಟ್ಟಿಯ ನಾಯಿ. ಇಬ್ಬರೂ ಮೂಲದಲ್ಲಿ ಒಂದೇ ವಂಶ. ಅಷ್ಟೇ ಮೈತೂಕದ ತೋಳಕ್ಕೆ ಹೋಲಿಸಿದರೆ ನಾಯಿಯ ಮೆದುಳು ಕಾಲು ಭಾಗಕ್ಕೂ ಹೆಚ್ಚು ಕುಗ್ಗಿದೆ. ಕಾಡುಕುರಿಗೆ ಹೋಲಿಸಿದರೆ ಸಾಕುಕುರಿಯದೂ ಕಾಲು ಭಾಗದಷ್ಟು ಕುಗ್ಗಿದೆ. ಜರ್ಮನಿಯ ಡೀಟರ್ ಕ್ರುಸ್ಕಾ ಜೀವನವಿಡೀ ಅಳೆದದ್ದು ಇದನ್ನೇ. ಮನುಷ್ಯನ ಮನೆ ಸೇರಿದ ಬಹುಪಾಲು ಪ್ರಾಣಿಗಳು ಮೆದುಳಿನ ಬಾಬತ್ತಿನಲ್ಲಿ ಸ್ವಲ್ಪ ಕಳೆದುಕೊಂಡಿವೆ. ಹಾಗೆಂದು ನಾಯಿ ದಡ್ಡವೇ? ಎರಡು ತೋಳಗಳು ಒಟ್ಟಿಗೆ ಹಗ್ಗ ಜಗ್ಗಿ ತಿಂಡಿ ತೆಗೆಯುವ ಪರೀಕ್ಷೆಯಲ್ಲಿ ಗೆದ್ದವು, ನಾಯಿಗಳು ಸೋತವು. ಬಿಡಿಸಲಾಗದ ಕಗ್ಗಂಟು ಕೊಟ್ಟಾಗ ತೋಳ ತಾನೇ ಜಗ್ಗಾಡುತ್ತಲೇ ಉಳಿಯಿತು. ನಾಯಿ ತಿರುಗಿ ಮನುಷ್ಯನ ಮುಖ ನೋಡಿತು. ಹಟ್ಟಿಯ ಬಾಗಿಲಲ್ಲಿ ಮಲಗುವವನಿಗೆ ಆ ನೋಟಕ್ಕಿಂತ ಉಪಯೋಗದ ವಿದ್ಯೆ ಬೇರೆ ಯಾವುದಿದೆ?

ಈ ಲೆಕ್ಕವೆಲ್ಲ ತಲೆಕೆಳಗಾಗುವುದು ಜೇನಿನ ಮುಂದೆ. ಬಂಡೆಯ ಕೆಳಗೆ, ನೀರಿನ ಟ್ಯಾಂಕಿನ ಅಡಿಯಲ್ಲಿ ನೇತಾಡುವ ಹೆಜ್ಜೇನು ಕಂಡು ನಾವು ಓಡುತ್ತೇವೆ. ಜೇನುನೊಣದ ಮೆದುಳು ಒಂದು ಮಿಲಿಗ್ರಾಂ, ನರಕೋಶ ಹತ್ತು ಲಕ್ಷಕ್ಕೂ ಕಡಿಮೆ. ಅಷ್ಟರಲ್ಲೇ ಅದು ಕಿಲೋಮೀಟರ್‌ಗಟ್ಟಲೆ ಹೋಗಿ, ಹೂವಿನ ದಿಕ್ಕನ್ನು ಸೂರ್ಯನ ಲೆಕ್ಕದಲ್ಲಿ, ಜೊತೆಗೆ ದೂರವನ್ನೂ ನೆನಪಿಟ್ಟು, ಗೂಡಿಗೆ ಬಂದು ಕುಣಿದು ತೋರಿಸುತ್ತದೆ. ಆ ಕುಣಿತ ಓದಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು.

ಈಗ ಮನುಷ್ಯರ ತಲೆಗೆ ಬರೋಣ. ಇಲ್ಲಿ ಸ್ವಲ್ಪ ಎಚ್ಚರ ಬೇಕು, ಯಾಕೆಂದರೆ ತಲೆ ಅಳೆದು ಜನರನ್ನು ಮೇಲೆ ಕೆಳಗೆ ಕೂರಿಸಿದ ಇತಿಹಾಸ ಇದೆ. ಅಮೆರಿಕದ ಸ್ಯಾಮ್ಯುಯೆಲ್ ಮಾರ್ಟನ್ ಬೇರೆ ಬೇರೆ ಜನಾಂಗದ ಬುರುಡೆಗಳಿಗೆ ಸಣ್ಣ ಕಾಳು ತುಂಬಿ, ಹಿಡಿಯುವ ಅಳತೆ ಬರೆದು, ಬಿಳಿಯರೇ ಶ್ರೇಷ್ಠ ಎಂದು 1839ರಲ್ಲಿ ದೊಡ್ಡ ಗ್ರಂಥ ತಂದ. ಅವನ ಅಳತೆ ತಪ್ಪೋ ಸರಿಯೋ ಎಂದು ಇವತ್ತಿಗೂ ಜಗಳ ಇದೆ; ತೀರ್ಮಾನವಂತೂ ಪೂರ್ತಿ ತಪ್ಪು. ಹತ್ತಿರದಲ್ಲೂ ಒಬ್ಬರಿದ್ದರು. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಅಳತೆಗೋಲು ಹಿಡಿದು ಪ್ರಾಂತ್ಯವೆಲ್ಲ ಸುತ್ತಿ ಜಾತಿವಾರು ತಲೆ, ಮೂಗು ಅಳೆದು 1909ರಲ್ಲಿ ಏಳು ಸಂಪುಟ ಮಾಡಿದರು. ಹೊಸಪೇಟೆ, ಬಳ್ಳಾರಿ ಆಗ ಮದ್ರಾಸಿಗೆ ಸೇರಿದ್ದವು. ಹೊಳೆಯ ಈಚೆಗಿನ ನಾವು ನಿಜಾಮರ ಪ್ರಜೆಗಳು, ಆ ಅಳತೆಗೋಲಿನಿಂದ ತಪ್ಪಿಸಿಕೊಂಡೆವು.

ಅಳೆದವರಿಗೆ ಸಿಕ್ಕ ನಿದರ್ಶನಗಳೇ ಅವರನ್ನು ಗೇಲಿ ಮಾಡುತ್ತವೆ. ರಷ್ಯದ ಕಾದಂಬರಿಕಾರ ತುರ್ಗೆನೆವ್‌ನ ಮೆದುಳು 2 ಕೆಜಿ ದಾಟಿತ್ತು. ನೊಬೆಲ್ ಪಡೆದ ಫ್ರಾನ್ಸಿನ ಅನಾತೋಲ್ ಫ್ರಾನ್ಸ್‌ನದು ಒಂದು ಕೆಜಿಗಿಂತ ಚೂರು ಮೇಲೆ. ಐನ್‌ಸ್ಟೈನ್‌ರದು 1,230 ಗ್ರಾಂ, ಗಂಡಸರ ಸರಾಸರಿಗಿಂತ ಕಡಿಮೆಯೇ. ಸ್ಕ್ಯಾನ್ ಮಾಡಿ, ಎಂಟು ಸಾವಿರಕ್ಕೂ ಮಿಕ್ಕ ಜನರ ಮಾಹಿತಿ ಕೂಡಿಸಿ 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಬುದ್ಧಿಪರೀಕ್ಷೆಯ ಅಂಕಗಳ ವ್ಯತ್ಯಾಸದಲ್ಲಿ ಮೆದುಳಿನ ಗಾತ್ರದ ಪಾಲು ನೂರಕ್ಕೆ ಆರರಷ್ಟು. ಸೊನ್ನೆಯಲ್ಲ, ಆದರೆ ಅಷ್ಟೇ. ಗಂಡಸರ ಮೆದುಳು ಹೆಂಗಸರದಕ್ಕಿಂತ ಸರಾಸರಿ ಹತ್ತನೇ ಒಂದು ಪಾಲು ದೊಡ್ಡದು. ಒಟ್ಟು ಬುದ್ಧಿಯಂಕದ ಸರಾಸರಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಕಟ್ಟೆಯ ಮೇಲೆ ಕೂತು ಬೇರೆ ಮಾತಾಡುವವರು ಇದನ್ನು ಎರಡು ಸಲ ಕೇಳಿಸಿಕೊಳ್ಳಲಿ.

ಹಳೆಯ ಕಾಲದ ಮಾನವರ ತಲೆಗಳೂ ಇದೇ ಮಾತು ಹೇಳುತ್ತವೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿದವರು ಅಲ್ಲಿನ ಕಲ್ಲುಚಪ್ಪಡಿಯ ಗೂಡುಗಳನ್ನು ನೋಡಿರುತ್ತೀರಿ, ಮುಂದೆ ದುಂಡನೆಯ ಕಿಂಡಿ. ಮೋರೇರ ಮನೆಗಳು, ಅಲ್ಲಿ ಮೂರಡಿಯ ಕುಳ್ಳರು ಇದ್ದರು ಎಂದು ಹಿರಿಯರು ಹೇಳುತ್ತಾರೆ. ಅವು ಕಬ್ಬಿಣ ಯುಗದ ಜನರ ಸಮಾಧಿಗಳು, ಕುಳ್ಳರದು ಕಥೆ. ಆದರೆ ಇಂಡೊನೇಷ್ಯದ ಫ್ಲೋರೆಸ್ ದ್ವೀಪದ ಗುಹೆಯಲ್ಲಿ 2003ರಲ್ಲಿ ನಿಜವಾಗಿಯೂ ಮೂರೂವರೆ ಅಡಿಯ ಮಾನವರ ಅಸ್ಥಿ ಸಿಕ್ಕಿತು. ಮೆದುಳು 400 ಮಿಲಿಲೀಟರ್ ಚಿಲ್ಲರೆ, ನಮ್ಮ ಮೂರನೇ ಒಂದು ಪಾಲು. ಅದೇ ಗುಹೆಯಲ್ಲಿ ಅವರದೇ ಎನ್ನಲಾದ ಕಲ್ಲಿನ ಆಯುಧಗಳೂ ಇದ್ದವು. ಅತ್ತ ಯುರೋಪಿನ ನಿಯಾಂಡರ್ತಲ್ ಮಾನವರ ಮೆದುಳು ನಮ್ಮಷ್ಟೇ, ಕೆಲವರದು ನಮಗಿಂತ ದೊಡ್ಡದು. ಅವರೂ ಇಲ್ಲ, ಇವರೂ ಇಲ್ಲ.

ನಿಜವಾದ ಮನುಷ್ಯ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬೇಕೆನ್ನುವ ವಿದ್ಯಾರ್ಥಿಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ವಸ್ತುಸಂಗ್ರಹಾಲಯವಿದೆ. ಅಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಹೇಳಿಕೊಡುತ್ತೇನೆ. ಹುಟ್ಟಿದ ಕೂಸಿನ ಮೆದುಳು ಬೆಳೆದವರದರ ಕಾಲು ಭಾಗದಷ್ಟು ಇರುತ್ತದೆ, ಐದಾರು ವರ್ಷದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆಗುತ್ತದೆ. ಕಾರ್ಟೆಕ್ಸ್‌ನ ನರಕೋಶಗಳಾದರೋ ಬಹುಪಾಲು ಹುಟ್ಟುವ ಮೊದಲೇ ತಯಾರಾಗಿರುತ್ತವೆ. ಹಾಗಾದರೆ ಬೆಳೆದದ್ದು ಏನು? ಕೋಶದಿಂದ ಕೋಶಕ್ಕೆ ಚಾಚುವ ಕವಲುಗಳು, ಅವುಗಳ ಸಂಧಿಗಳು, ಅವುಗಳ ಮೇಲಿನ ಕೊಬ್ಬಿನ ಹೊದಿಕೆ. ಮಾತು, ಆಟ, ಜಗಳ, ಜೋಗುಳ ಎಲ್ಲವೂ ಆ ಸಂಧಿಗಳಲ್ಲಿ ಕೂತುಕೊಳ್ಳುತ್ತವೆ. ಅದಕ್ಕೂ ಮುಂಚೆ, ತಾಯಿಯ ಹೊಟ್ಟೆಯಲ್ಲಿ ನರಕೋಶಗಳು ತಮ್ಮ ಜಾಗಕ್ಕೆ ಹೋಗಿ ಸೇರುವಾಗ ಥೈರಾಯ್ಡ್ ಹಾರ್ಮೋನು ಬೇಕು, ಆ ಹಾರ್ಮೋನಿಗೆ ಅಯೋಡಿನ್ ಬೇಕು. ತಡೆಯಬಹುದಾದ ಬುದ್ಧಿಮಾಂದ್ಯಕ್ಕೆ ಜಗತ್ತಿನಲ್ಲಿ ದೊಡ್ಡ ಕಾರಣ ಅಯೋಡಿನ್ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಬೇಕಾಗುವ ಪ್ರಮಾಣ ಬೆಳೆದವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿಗೆ 250. ಸಾಸಿವೆ ಕಾಳಿನಷ್ಟೂ ಅಲ್ಲ. ಊಟಕ್ಕೆ ಅಯೋಡಿನ್ ಇಲ್ಲದ ಉಪ್ಪು ಮಾರುವುದಕ್ಕೆ 2006ರಿಂದ ದೇಶದಲ್ಲಿ ನಿಷೇಧ ಇದೆ. ಆದರೂ ದನಕರುಗಳಿಗೆಂದು ತಂದ ಹರಳುಪ್ಪಿನ ಚೀಲದಿಂದಲೇ ಒಂದು ಹಿಡಿ ಸಾರಿಗೂ ಬೀಳುವ ಮನೆಗಳು ನಮ್ಮ ಕಡೆ ಇವೆ. ಅಂಥ ಮನೆಯಲ್ಲಿ ಬಸುರಿ ಇದ್ದರೆ ಪ್ಯಾಕೆಟ್ ಉಪ್ಪು ತರಿಸಿ. ಒಲೆಯ ದಂಡೆಯ ಮೇಲೆ ಬಾಯಿ ತೆರೆದಿಟ್ಟರೆ ಬಿಸಿಗೂ ತೇವಕ್ಕೂ ಅಯೋಡಿನ್ ಹಾರಿಹೋಗುತ್ತದೆ. ಮುಚ್ಚಳ ಇರುವ ಡಬ್ಬಿಯಲ್ಲಿಟ್ಟು, ಸಾರು ಇಳಿಸುವ ಹೊತ್ತಿಗೆ ಹಾಕಿ.